ಒಂಬತ್ತನೇ ಪ್ರಶ್ನೆಗೆ ಹೌದು ಅಂದವಳು

ನನ್ನ ಹಿಂಡಿ ಅಂಗಡಿಯ ಗಲ್ಲಾದಲ್ಲಿ ಕೂತರೆ ಎದುರಿಗಿರುವ ದನದ ಆಸ್ಪತ್ರೆಯ ಒಳಗೋಡೆ ನೇರವಾಗಿ ಕಾಣುತ್ತದೆ. ಆ ಗೋಡೆಯ ಮೇಲೆ ಎರಡು ಚೌಕಟ್ಟು. ಒಂದು ಡಾಕ್ಟರದ್ದು, ಅದು ಯಾವಾಗಲೂ ನೆಟ್ಟಗೆ ಇರುತ್ತದೆ. ಇನ್ನೊಂದು ಅವರ ಕೈಕೆಳಗಿನ ಟೆಕ್ನೀಷಿಯನ್ ಹೆಂಗಸಿನ ಲೈಸೆನ್ಸು. ಅದು ದಿನಕ್ಕೆ ಒಂದೆರಡು ಸಲ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ, ತಪ್ಪು ಮಾಡಿದ ಶಾಲೆ ಮಗುವಿನ ಹಾಗೆ.

ಇದರ ಅರ್ಥ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರು ಹೊರಗೆ ಹೋದರೆ ಅವಳು ಮೊದಲು ಮಾಡುವ ಕೆಲಸ ತನ್ನ ಚೌಕಟ್ಟು ತಿರುಗಿಸುವುದು. ಹಿಂಬದಿಗೆ ಒಂದು ಚೀಟಿ ಅಂಟಿಸಿದ್ದಾಳೆ: ಡಾಕ್ಟರು ಇಲ್ಲ, ಚಿಕಿತ್ಸೆ ಇಲ್ಲ, ಕಾಯುವವರು ಕೂರಬಹುದು. ಅವಳ ಲೈಸೆನ್ಸು ಡಾಕ್ಟರ ಕಣ್ಣಳತೆಯಲ್ಲಿ ಮಾತ್ರ ಲೈಸೆನ್ಸು. ಅವರು ಹೊಸಿಲು ದಾಟಿದರೆ ಅದು ಗಾಜು ಹಾಕಿಸಿದ ಕಾಗದ. ಹೀಗೆ ತಿರುಗಿಸಬೇಕು ಅಂತ ಯಾವ ನಿಯಮದಲ್ಲೂ ಇಲ್ಲ. ನಾನೇ ಒಮ್ಮೆ ಕೇಳಿದ್ದೆ. ಇಲ್ಲ ಅಣ್ಣ, ನನಗೇ ಮರೆತು ಹೋಗಬಾರದಲ್ಲ, ಅದಕ್ಕೆ ಅಂದಳು.

ಬೀದಿಯವರು ಅವಳಿಗೆ ಕಾಯಿದೆ ಅಕ್ಕ ಅಂತ ಹೆಸರಿಟ್ಟಿದ್ದರು. ಹೊಗಳಿ ಇಟ್ಟ ಹೆಸರೇನಲ್ಲ. ಹೆಸರಿಟ್ಟವರಲ್ಲಿ ನಾನೂ ಒಬ್ಬ ಅನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳುವುದು ಬೇಡ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಆ ಆಸ್ಪತ್ರೆಗೆ ನೆಲ ತೊಳೆಯುವ ಕೆಲಸಕ್ಕೆ ಬಂದವಳು. ಆಗ ಕಾನೂನು ಗೀನೂನು ಏನೂ ಇರಲಿಲ್ಲ. ನೆಲ ತೊಳೆಯುವವಳು ಹಸುವಿನ ತಲೆ ಹಿಡಿದಳು, ತಲೆ ಹಿಡಿದವಳು ಸೂಜಿ ಕುದಿಸಿದಳು, ಸೂಜಿ ಕುದಿಸಿದವಳು ಒಂದು ದಿನ ಚುಚ್ಚಿಯೂ ಬಿಟ್ಟಳು. ಯಾರೂ ಕೇಳಲಿಲ್ಲ. ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಓದು ಬೇಕು, ಪರೀಕ್ಷೆ ಬೇಕು, ಕೌನ್ಸಿಲಿನಲ್ಲಿ ಹೆಸರು ಬರೆಸಬೇಕು, ಇಲ್ಲದಿದ್ದರೆ ಪ್ರಾಣಿಯ ಮೈ ಮುಟ್ಟುವ ಹಾಗಿಲ್ಲ ಅಂತ ನಿಯಮ ಬಂತು. ಅವಳಿಗೆ ಆಗ ಮೂವತ್ತನಾಲ್ಕು. ಪೊರಕೆಗೆ ವಾಪಸು ಹೋಗು, ಇಲ್ಲವೇ ಪುಸ್ತಕ ಹಿಡಿ. ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ಓದಿದಳು. ಔಷಧಿಯ ಲೆಕ್ಕದಲ್ಲಿ ಒಂದು ಸಲ ಫೇಲಾದಳು. ಪ್ರಾಣಿಯ ತೂಕಕ್ಕೆ ಎಷ್ಟು ಹನಿ ಅನ್ನುವ ಲೆಕ್ಕ ಅದು. ನನ್ನ ಅಂಗಡಿಗೆ ಬಂದು, ಅಣ್ಣ, ನೀವು ಕಿಲೋಗೆ ಇಷ್ಟು ಅಂತ ಬಾಯಲ್ಲೇ ಲೆಕ್ಕ ಹಾಕ್ತೀರಲ್ಲ, ಅದು ಹೇಗೆ ಅಂತ ಕೇಳಿದಳು. ಒಂದು ತಿಂಗಳು ಹಿಂಡಿಯ ಲೆಕ್ಕದಲ್ಲಿ ಹೇಳಿಕೊಟ್ಟೆ. ಎರಡನೇ ಸಲ ಪಾಸಾದಳು. ಅವಳ ನಂಬರು ನಾನೂರ ಹದಿನೇಳು. ಚೌಕಟ್ಟು ಹಾಕಿಸಿ ಮೊದಲು ತೋರಿಸಲು ಬಂದಿದ್ದು ನನಗೆ. ಗಾಜಿನ ಮೇಲೆ ನನ್ನ ಬೆರಳಚ್ಚು ಬಿತ್ತು ಅಂತ ಸೆರಗಲ್ಲಿ ಒರೆಸಿಕೊಂಡೇ ಹೋದಳು.

ಅವಳು ಮಾಡಬಹುದಾದ ಕೆಲಸದ ಪಟ್ಟಿ ಉದ್ದ. ರಕ್ತ ತೆಗೆಯಬಹುದು, ಡಾಕ್ಟರು ಹೇಳಿದ ಇಂಜೆಕ್ಷನ್ ಕೊಡಬಹುದು, ಪಟ್ಟಿ ಕಟ್ಟಬಹುದು, ಮತ್ತು ಬಂದ ಪ್ರಾಣಿಯ ಉಸಿರು ಕಾಯಬಹುದು. ಮಾಡಬಾರದ್ದು ಮೂರೇ. ರೋಗದ ಹೆಸರು ಹೇಳಬಾರದು, ಔಷಧಿ ಬರೆಯಬಾರದು, ಮೈ ಕೊಯ್ಯಬಾರದು. ಈ ಮೂರನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ನನ್ನ ಬೆಕ್ಕು ಕಿವಿ ಕೆರೆದುಕೊಂಡು ಕೆರೆದುಕೊಂಡು ಅರ್ಧ ಕಿವಿ ಉಳಿದಾಗ ಒಯ್ದು ತೋರಿಸಿದರೆ, ಒಳಗೆ ಏನೋ ಇದೆ, ಡಾಕ್ಟರು ನೋಡುತ್ತಾರೆ ಅಂದಳು. ಏನದು ಅಂತ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಬಹುಶಃ ಬೆಕ್ಕಿಗೂ ಗೊತ್ತಿತ್ತು. ಆದರೂ ಮೂವರೂ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆವು.

ಡಾಕ್ಟರಿಗೆ ಹೇಳಬೇಕಾದಾಗಲೂ ಅವಳು ಹೇಳುವುದಿಲ್ಲ, ಕೇಳುತ್ತಾಳೆ. ಕರು ಹಾಕಿ ಮಲಗಿದ ಹಸು ಬಂದರೆ, ಸಾರ್, ಕಿವಿ ತಣ್ಣಗಿದೆ ಅನ್ನಿಸ್ತು, ಒಮ್ಮೆ ಮುಟ್ಟಿ ನೋಡ್ತೀರಾ ಅಂತ. ಡಾಕ್ಟರು ಮುಟ್ಟುತ್ತಾರೆ, ರೋಗದ ಹೆಸರು ಹೇಳುತ್ತಾರೆ, ಅವಳು ಆಗಲೇ ತೆಗೆದಿಟ್ಟಿದ್ದ ಬಾಟಲಿ ಮುಂದೆ ಬರುತ್ತದೆ. ನಾನು ಕಾಲೇಜಲ್ಲಿ ಓದಿದ್ದು ಐದು ವರ್ಷ, ಇವಳ ಪ್ರಶ್ನೆಗಳಲ್ಲಿ ಓದಿದ್ದು ಇಪ್ಪತ್ತು ವರ್ಷ ಅಂತ ಡಾಕ್ಟರೇ ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ಹೇಳಿದ್ದುಂಟು. ಅವಳ ಮುಂದೆ ಮಾತ್ರ ಹೇಳಿಲ್ಲ. ಗಂಡಸರ ಹಣೆಬರಹ.

ಇಂಥವಳು ಒಂದು ಮಂಗಳವಾರ ಹೊಟ್ಟೆ ಕೊಯ್ದಳು.

ಮಂಗಳವಾರ ಡಾಕ್ಟರು ಹೊಳೆಯಾಚೆಯ ಕೊಟ್ಟಿಗೆಗಳಿಗೆ ಹೋಗುವ ದಿನ. ಅಲ್ಲಿ ಸಿಗ್ನಲ್ಲಿಲ್ಲ, ಕೈಯಲ್ಲಿ ಫೋನಿದ್ದರೂ ಕಲ್ಲಿದ್ದರೂ ಒಂದೇ. ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಬೀದಿಗೆ ಹಾಲು ಹಾಕುವವಳು ತನ್ನ ಹಸುವನ್ನು ಸಣ್ಣ ಲಾರಿಯಲ್ಲಿ ತಂದಳು. ಇರುವುದು ಒಂದೇ ಹಸು. ರಾತ್ರಿ ಹಗ್ಗ ಬಿಚ್ಚಿಕೊಂಡು ಹಸಿ ಮೇವಿನ ಹೊಲಕ್ಕೆ ನುಗ್ಗಿ ಕಂಠಮಟ್ಟ ತಿಂದಿತ್ತು. ಎಡಗಡೆ ಹೊಟ್ಟೆ ಬೆನ್ನಿನ ಮಟ್ಟಕ್ಕೆ ಉಬ್ಬಿ, ಬೆರಳಲ್ಲಿ ಬಡಿದರೆ ನಗಾರಿ ಬಡಿದ ಹಾಗೆ ಸದ್ದು. ಇಳಿಸುವಾಗಲೇ ಕಾಲು ಕುಸಿಯಿತು. ಬಾಯಿ ತೆರೆದು ಉಸಿರಾಡುತ್ತಿತ್ತು.

ಕಾಯಿದೆ ಅಕ್ಕ ಬೀದಿ ದಾಟಿ ಬಂದು ನನ್ನನ್ನು ಕರೆದಳು. ಅಣ್ಣ, ಹಗ್ಗ ಹಿಡ್ಕೊಳ್ಳಿ ಬನ್ನಿ ಅಂದಳು. ತಕ್ಕಡಿ ಬಿಟ್ಟು ಹೋದೆ. ಮುಂದಿನದನ್ನೆಲ್ಲ ಹಗ್ಗದ ತುದಿಯಲ್ಲಿ ನಿಂತು ಕಂಡವನು ನಾನು.

ಅವಳಿಗೆ ಮಾಡಲು ಅನುಮತಿ ಇದ್ದದ್ದನ್ನೆಲ್ಲ ಮೊದಲು ಮಾಡಿದಳು. ತಾವಿಲ್ಲದಾಗಲೂ ಹೊಟ್ಟೆ ಉಬ್ಬರಕ್ಕೆ ಎಣ್ಣೆ ಕುಡಿಸಬಹುದು ಅಂತ ಡಾಕ್ಟರು ಬರೆದಿಟ್ಟ ಚೀಟಿಯಿತ್ತು, ಕುಡಿಸಿದಳು. ಮುಂಗಾಲು ಎತ್ತರಕ್ಕೆ ಬರುವ ಹಾಗೆ ಮೆಟ್ಟಿಲ ಮೇಲೆ ನಿಲ್ಲಿಸಲು ನೋಡಿದೆವು, ಹಸು ನಿಲ್ಲಲಿಲ್ಲ. ಡಾಕ್ಟರಿಗೆ ಆರು ಸಲ ಫೋನು ಮಾಡಿದಳು. ಪಕ್ಕದ ಊರಿನ ಡಾಕ್ಟರಿಗೆ ಮಾಡಿದಳು. ಅವರು ಆಪರೇಷನ್ನಿನಲ್ಲಿದ್ದಾರೆ, ಮುಗಿಸಿ ಹೊರಟರೂ ಒಂದೂವರೆ ಗಂಟೆ ಅಂತ ಅಲ್ಲಿಯವರು ಅಂದರು. ಹಸು ಮಗ್ಗುಲಿಗೆ ಬಿತ್ತು. ನಾಲಿಗೆ ನೀಲಿ.

ಅಷ್ಟರಲ್ಲಿ ಬೀದಿ ನೆರೆದಿತ್ತು. ಇನ್ನೇನು ಕಾಯಿದೆ ಪುಸ್ತಕ ಓದ್ತಾಳೆ ನೋಡಿ ಅಂತ ಯಾರೋ ಹಿಂದಿನಿಂದ ಅಂದರು. ಅವಳು ತಿರುಗಿ ನೋಡಲಿಲ್ಲ. ಹಾಲಿನವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಹೊಟ್ಟೆಗೆ ತೂತು ಹಾಕಬೇಕು. ಡಾಕ್ಟರು ಮಾಡೋದನ್ನ ಇಪ್ಪತ್ತು ಸಲ ನೋಡಿದೀನಿ, ನಾನು ಒಂದು ಸಲಾನೂ ಮಾಡಿಲ್ಲ. ಮಾಡೋ ಹಕ್ಕೂ ನನಗಿಲ್ಲ. ಉಳಿದ್ರೆ ಉಳೀತು. ಏನಂತೀರಿ?”

“ಹಕ್ಕನ್ನ ಆಮೇಲೆ ಹುಡುಕೋಣ ತಾಯಿ,” ಅಂದಳು ಹಾಲಿನವಳು. “ಮೊದಲು ಹಸು ನೋಡು.”

ಅವಳು ಎದ್ದು ಒಳಗೆ ಹೋದಳು. ಚೌಕಟ್ಟು ಬೆಳಿಗ್ಗೆಯಿಂದಲೇ ಗೋಡೆಗೆ ಮುಖ ಮಾಡಿತ್ತು. ಅದನ್ನೊಮ್ಮೆ ನೋಡಿದ್ದು ನನಗೆ ಕಂಡಿತು. ಕೈ ತೊಳೆದಳು, ಬೆರಳು ಬೆರಳಿನ ಸಂದಿಯನ್ನೂ. ಎಡಗಡೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಂಗೈಯಗಲ ಕೂದಲು ಬೋಳಿಸಿ ಕಂದು ಔಷಧಿ ಬಳಿದಳು. ಚರ್ಮವನ್ನು ಬ್ಲೇಡಿನಲ್ಲಿ ಒಂದಿಷ್ಟು ಸೀಳಿ, ಕೊಳವೆ ತೊಡಿಸಿದ ಹೆಬ್ಬೆರಳು ದಪ್ಪದ ಸೂಜಿಯನ್ನು ಇಟ್ಟು ಒಂದೇ ಏಟಿಗೆ ಇಳಿಸಿದಳು. ಸೂಜಿ ಎಳೆದುಕೊಂಡಳು, ಕೊಳವೆ ಉಳಿಯಿತು. ಲಾರಿ ಚಕ್ರದ ಗಾಳಿ ಬಿಟ್ಟ ಹಾಗೆ ಸದ್ದು ಬಂತು, ನೊರೆ ಬಂತು, ಆಮೇಲೆ ಬಂದ ನಾತಕ್ಕೆ ನೆರೆದಿದ್ದ ಬೀದಿಯೆಲ್ಲ ಚದುರಿತು. ಅರ್ಧ ಗಂಟೆಯಲ್ಲಿ ಹಸು ಎದ್ದು ನಿಂತು, ನನ್ನ ಅಂಗಿಯ ತೋಳನ್ನೇ ಮೇವು ಅಂದುಕೊಂಡು ಜಗಿಯಿತು.

ನಾವೆಲ್ಲ ಹಸು ನೋಡುತ್ತಿದ್ದರೆ ಅವಳು ರಿಜಿಸ್ಟರು ತೆಗೆದು ಬರೆಯಲು ಕೂತಳು. ಗಂಟೆ, ಮಾಡಿದ ಕೆಲಸ, ಮಾಡಿದವರು. ಮಾಡಿದವರು ಅನ್ನುವ ಕಡೆ ತನ್ನ ಹೆಸರು. ಷರಾ ಅನ್ನುವ ಕಡೆ: ಡಾಕ್ಟರು ಸ್ಥಳದಲ್ಲಿ ಇರಲಿಲ್ಲ, ಫೋನು ಆರು ಸಲ ಮಾಡಿದ್ದು, ಸಿಗಲಿಲ್ಲ.

ಸಂಜೆ ಡಾಕ್ಟರು ಬಂದರು, ಹಸು ನೋಡಿದರು, ಗಾಯ ನೋಡಿದರು, ನಾನಾಗಿದ್ದರೆ ಒಂದು ಬೆರಳು ಮೇಲೆ ಹಾಕುತ್ತಿದ್ದೆ ಅಂದರು. ಹಾಗಂದರೆ ಚೆನ್ನಾಗಿ ಮಾಡಿದ್ದಾಳೆ ಅಂತ. ಆಮೇಲೆ ರಿಜಿಸ್ಟರು ನೋಡಿ ಮುಖ ಸಣ್ಣ ಮಾಡಿಕೊಂಡರು.

“ಫೋನ್ ಸಿಕ್ಕಿತ್ತು ಅಂತ ಬರಿ. ನಾನು ಹೇಳಿದೆ, ನೀನು ಮಾಡಿದೆ. ಅಲ್ಲಿಗೆ ಮುಗೀತು.”

“ಸಿಗಲಿಲ್ಲ ಅಂತ ಆಗಲೇ ಬರ್ದಾಗಿದೆ ಸಾರ್.”

“ಆ ಪುಟ ಹರಿದು ಹಾಕು.”

“ಪುಟಕ್ಕೆ ನಂಬರಿದೆ ಸಾರ್.”

ಡಾಕ್ಟರು ನನ್ನ ಮುಖ ನೋಡಿದರು. ನಾನು ವ್ಯಾಪಾರಿ, ಪುಟದ ನಂಬರಿನ ವಿಷಯದಲ್ಲಿ ಸಲಹೆ ಕೊಡಬಲ್ಲೆ. ಆದರೆ ಅವತ್ತು ಗಿರಾಕಿ ಕಾಯ್ತಿದಾರೆ ಅಂತ ಹೇಳಿ ಅಂಗಡಿಗೆ ಬಂದುಬಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೂರು ಕೊಡುವವರಾದರೂ ಯಾರು? ಹಸುವೇ ಕೊಡಬೇಕಿತ್ತು. ಆದರೆ ಎರಡು ತಿಂಗಳಿಗೆ ಅವಳ ಲೈಸೆನ್ಸಿನ ನವೀಕರಣದ ಫಾರಂ ಬಂತು. ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅದರಲ್ಲಿ ಒಂಬತ್ತನೇ ಪ್ರಶ್ನೆ: ಈ ಅವಧಿಯಲ್ಲಿ ನಿಮಗೆ ಅನುಮತಿಯಿಲ್ಲದ ಚಿಕಿತ್ಸೆಯನ್ನು ಎಂದಾದರೂ ಮಾಡಿದ್ದೀರಾ? ಹೌದು ಒಂದು ಚೌಕ, ಇಲ್ಲ ಒಂದು ಚೌಕ. ಅವಳು ಹೌದು ಅನ್ನುವ ಚೌಕದಲ್ಲಿ ಗುರುತು ಹಾಕಿ ಕಳಿಸಿದಳು.

ಹದಿನೈದು ದಿನಕ್ಕೆ ಫಾರಂ ವಾಪಸು ಬಂತು. ಕಣ್ತಪ್ಪಿನಿಂದ ತುಂಬಿದಂತಿದೆ, ಸರಿಪಡಿಸಿ ಕಳಿಸಿ ಅಂತ ಗುಮಾಸ್ತನ ಚೀಟಿ. ಅವಳು ಫೋನು ಮಾಡಿ ಕಣ್ತಪ್ಪಲ್ಲ ಅಂದಳಂತೆ. ಗುಮಾಸ್ತ, ಅಮ್ಮ, ಆ ಚೌಕಕ್ಕೆ ನಮ್ಮಲ್ಲಿ ಫೈಲೇ ಇಲ್ಲ, ಇದುವರೆಗೆ ಯಾರೂ ಅದರಲ್ಲಿ ಗುರುತು ಹಾಕಿಲ್ಲ ಅಂದನಂತೆ. ಅವಳು ಮತ್ತೆ ಹೌದು ಅಂತಲೇ ಗುರುತು ಹಾಕಿ, ರಿಜಿಸ್ಟರಿನ ಪುಟದ ನಕಲು ಸೇರಿಸಿ ಕಳಿಸಿದಳು. ಈ ಸಲ ಬಂದದ್ದು ಫಾರಂ ಅಲ್ಲ, ನೋಟೀಸು. ಕೌನ್ಸಿಲಿನ ಸಮಿತಿಯ ಮುಂದೆ ಹಾಜರಾಗಬೇಕು, ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದು ಎಂದು ಹೇಳಬೇಕು.

ನೋಟೀಸು ಬಂದ ಮೇಲೆ ಬೀದಿಗೆ ಬೀದಿಯೇ ಅವಳಿಗೆ ಬುದ್ಧಿ ಹೇಳಿತು. ನಾನೂ ಹೇಳಿದೆ. ನಲವತ್ತೊಂಬತ್ತನೇ ವಯಸ್ಸಿಗೆ ಮತ್ತೆ ಪೊರಕೆ ಹಿಡಿಯೋ ಆಸೆಯಾ ಅಂದೆ. ಅವಳ ಗಂಡ ಬಸ್ಸು ಓಡಿಸುವವನು, ಮಾತು ಕಮ್ಮಿ. ಇವಳ ಜೊತೆ ವಾದ ಮಾಡೋದಕ್ಕಿಂತ ಹಿಂದಕ್ಕೆ ಬಸ್ಸು ಹೊಡೆಯೋದು ಸುಲಭ ಅಂದ. ಅತ್ತೆಗೆ ಎಂಬತ್ತರ ಹತ್ತಿರ, ಆದರೆ ನಾಲಿಗೆಗೆ ಇನ್ನೂ ಇಪ್ಪತ್ತು. ನನ್ನ ಅಂಗಡಿ ಮುಂದೆ ಕೋಲೂರಿ ನಿಂತು ಹೀಗಂದರು:

“ನನ್ನ ಸೊಸೆ ಜೀವಮಾನದಲ್ಲಿ ತಾನಾಗಿ ಹೌದು ಅಂದಿದ್ದು ಎರಡೇ ಸಲ ಕಣಪ್ಪ. ಒಂದು ನನ್ನ ಮಗನಿಗೆ, ಇನ್ನೊಂದು ಈ ಫಾರಮ್ಮಿಗೆ. ಎರಡು ಸಲಾನೂ ಯಾರನ್ನೂ ಕೇಳಲಿಲ್ಲ.”

ಅಂದವರು ಸಮಿತಿಯ ದಿನ ಸೊಸೆ ಉಟ್ಟುಕೊಳ್ಳಲಿ ಅಂತ ತಮ್ಮ ಪೆಟ್ಟಿಗೆಯಿಂದ ನೀಲಿ ಸೀರೆ ತೆಗೆದು ತಾವೇ ಇಸ್ತ್ರಿ ಮಾಡಿಸಿ ಕೊಟ್ಟರು.

ಸಾಕ್ಷಿಯಾಗಿ ನಾನೂ ಹೋದೆ. ಡಾಕ್ಟರೂ ಬಂದಿದ್ದರು, ಗಂಟು ಮುಖ ಹಾಕಿಕೊಂಡು. ಎರಡನೇ ಮಹಡಿಯಲ್ಲಿ ಉದ್ದ ಮೇಜು, ಮೂರು ಜನ. ನಡುವೆ ಬೆಳ್ಳಗೆ ತಲೆ ನೆರೆತ ಡಾಕ್ಟರಮ್ಮ, ಆಕೆಯೇ ಅಧ್ಯಕ್ಷೆ. ಒಂದು ಪಕ್ಕ ವಕೀಲ, ಇನ್ನೊಂದು ಪಕ್ಕ ಟೆಕ್ನೀಷಿಯನ್ನರ ಕಡೆಯ ಒಬ್ಬ. ಮೂವರ ಮುಂದೆಯೂ ಆ ರಿಜಿಸ್ಟರು ಪುಟದ ನಕಲು.

ವಕೀಲ ನಿಯಮ ಓದಿದ. ಜೀವ ಉಳಿಸಲು ಪ್ರಥಮ ಚಿಕಿತ್ಸೆ ಮಾಡಬಹುದು. ರಕ್ತ ನಿಲ್ಲಿಸುವುದು, ಉಸಿರಿನ ದಾರಿ ಬಿಡಿಸುವುದು. ಕೊಯ್ಯುವುದು ಅದರಲ್ಲಿ ಇಲ್ಲ. ಡಾಕ್ಟರು ಎದ್ದು, ಉಬ್ಬಿದ ಹೊಟ್ಟೆ ಎದೆಯನ್ನು ಒತ್ತುವುದರಿಂದ ಇದೂ ಉಸಿರಿನ ದಾರಿಯೇ ಅಂತ ವಾದ ಹೂಡಿದರು. ನನಗದು ಹಿಡಿಸಿತು, ವ್ಯಾಪಾರದಲ್ಲಿ ನಾವೂ ಹೀಗೆಯೇ ಮಾಡುತ್ತೇವೆ. ಆದರೆ ಕಾಯಿದೆ ಅಕ್ಕ ಮೆಲ್ಲಗೆ, ಸಾರ್, ಚರ್ಮ ಬ್ಲೇಡಿನಲ್ಲಿ ಸೀಳಿದೀನಿ, ಅದು ಕೊಯ್ದ ಹಾಗೇ ಅಲ್ವಾ ಅಂತ ಕೇಳಿದಳು. ಅಲ್ಲೂ ಪ್ರಶ್ನೆಯೇ. ಡಾಕ್ಟರು ಕೂತರು.

ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಹಸು ಸಾಯುತ್ತಿತ್ತೇ ಅಂತ. ನಾಲಿಗೆಯ ಬಣ್ಣ ಹೇಳಿದೆ. ಡಾಕ್ಟರಮ್ಮ ಸಾಕು ಅಂದರು.

ಆಮೇಲೆ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀನು ಇಲ್ಲ ಅಂತ ಗುರುತು ಹಾಕಿದ್ರೆ ನಾವು ಯಾರೂ ಇಲ್ಲಿ ಕೂತಿರ್ತಿರಲಿಲ್ಲ. ಗೊತ್ತಿತ್ತಲ್ಲ?”

“ಗೊತ್ತಿತ್ತು ಮೇಡಂ.”

“ಮತ್ತೆ?”

ಅವಳು ಅತ್ತೆಯ ಸೀರೆಯ ಅಂಚು ಸರಿಮಾಡಿಕೊಂಡಳು. ಭಯವಿತ್ತು, ಆದರೂ ಹೇಳಿದಳು.

“ನಾನು ಪ್ರಾಣಿ ತೂಕ ಹಾಕಿ ರಿಜಿಸ್ಟರಲ್ಲಿ ಬರೀತೀನಿ, ಜ್ವರ ನೋಡಿ ಬರೀತೀನಿ. ಡಾಕ್ಟರು ಮತ್ತೆ ತೂಕ ಹಾಕಲ್ಲ ಮೇಡಂ. ನಾನು ಬರೆದಿದ್ದನ್ನ ನೋಡಿ ಔಷಧಿ ಕೊಡ್ತಾರೆ. ಒಂದು ಕಡೆ ನನಗೆ ಬೇಕಾದ ಹಾಗೆ ಬರೆದ್ರೆ, ಉಳಿದಿದ್ದನ್ನ ಅವರು ಯಾಕೆ ನಂಬಬೇಕು?”

ಟೆಕ್ನೀಷಿಯನ್ನರ ಕಡೆಯವನು ತಲೆ ತಗ್ಗಿಸಿ ಕಾಗದ ನೋಡತೊಡಗಿದ. ನಾನು ಮೂವತ್ತು ವರ್ಷದಿಂದ ತಕ್ಕಡಿ ಹಿಡಿದವನು. ತೂಕದ ಬಗ್ಗೆ ಯಾರಾದರೂ ನನಗೆ ಹೊಸದು ಹೇಳಿಯಾರು ಅಂದುಕೊಂಡಿರಲಿಲ್ಲ.

ಇನ್ನೊಂದು ಸಲ ಇಂಥದ್ದೇ ಬಂದರೆ ಏನು ಮಾಡುತ್ತೀಯ ಅಂತ ವಕೀಲ ಕೇಳಿದ. ಅದನ್ನು ನೀವೇ ಬರೆದು ಕೊಡಿ ಸಾರ್ ಅಂದಳು. ಮಾಡು ಅಂದರೆ ಮಾಡುತ್ತೇನೆ, ಬೇಡ ಅಂದರೆ ಆ ಹಾಲಿನವಳಿಗೆ ಬೇಡ ಅಂತ ಹೇಳೋದು ಹೇಗೆ ಅನ್ನೋದನ್ನೂ ಬರೆದು ಕೊಡಿ. ಮಾತಿನಲ್ಲಿ ಕೊಂಕಿರಲಿಲ್ಲ. ವಕೀಲ ಪೆನ್ನಿನ ಮುಚ್ಚಳ ತೆಗೆದು ಅದನ್ನು ಬರೆದುಕೊಂಡ.

ತೀರ್ಪು ಅಂಚೆಯಲ್ಲಿ ಬಂತು. ನಿಯಮ ಮೀರಿದ್ದು ನಿಜ, ಆದ್ದರಿಂದ ಮೂವತ್ತು ದಿನ ಲೈಸೆನ್ಸು ಅಮಾನತು. ಅದಾದ ಮೇಲೆ ಎರಡು ವರ್ಷಕ್ಕೆ ನವೀಕರಣ. ಜೊತೆಗೆ ಡಾಕ್ಟರಿಗೂ ಒಂದು ಏಟು: ತಾವು ಸಿಗದ ದಿನ ತುರ್ತಿನಲ್ಲಿ ಯಾರು ಏನು ಮಾಡಬೇಕೆಂದು ಪಕ್ಕದ ಊರಿನ ಡಾಕ್ಟರ ಜೊತೆ ಮಾತಾಡಿ ಲಿಖಿತವಾಗಿ ಇಡತಕ್ಕದ್ದು. ಲೈಸೆನ್ಸು ಉಳಿಯಿತು ಅಂತ ನಾವೆಲ್ಲ ಸಂತೋಷಪಟ್ಟರೆ, ಅವಳು ಮೂವತ್ತು ದಿನ ಎಂದಿನಿಂದ ಶುರು ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಿದ್ದಳು.

ಆ ಮೂವತ್ತು ದಿನವೂ ಅವಳು ಆಸ್ಪತ್ರೆಗೆ ಬಂದಳು. ಕಾಯುವವರ ಬೆಂಚಿನ ಮೇಲೆ ಕೂತಳು. ಅವಳ ಜಾಗಕ್ಕೆ ಬಂದಿದ್ದ ಹೊಸ ಹುಡುಗಿ ಬಾಟಲಿ ಎಲ್ಲಿದೆ ಅಂತ ಕೇಳಿದರೆ ಬೆರಳು ತೋರಿಸುತ್ತಿದ್ದಳೇ ಹೊರತು ಏಳುತ್ತಿರಲಿಲ್ಲ. ಒಂದು ನಾಯಿಮರಿ ಬಂದು ಅವಳ ಕಾಲು ನೆಕ್ಕಿದರೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ತಲೆ ಸವರೋದಕ್ಕೂ ಲೈಸೆನ್ಸ್ ಬೇಕೇನಕ್ಕ ಅಂತ ನಾನು ಬೀದಿಯಾಚೆಯಿಂದ ಕೂಗಿದೆ. ಸವರಿದ್ರೆ ಮೈ ಬಿಸಿ ಇದೆಯಾ ಅಂತ ಕೈ ತಾನೇ ನೋಡುತ್ತೆ ಅಣ್ಣ ಅಂದಳು. ಹಾಲಿನವಳು ದಿನಾ ಹಸುವನ್ನು ಆಸ್ಪತ್ರೆಯ ಮುಂದಿನಿಂದಲೇ ಹೊಡೆದುಕೊಂಡು ಹೋಗತೊಡಗಿದಳು. ಅವಳ ದಾರಿ ಅದಲ್ಲ, ಸುತ್ತು. ಹಸು ನಿಲ್ಲುತ್ತಿತ್ತು, ಇವಳು ಬೆಂಚಿನಿಂದಲೇ ಎಡಗಡೆಯ ಗಾಯದ ಗುರುತು ನೋಡುತ್ತಿದ್ದಳು, ಹಸು ಮುಂದೆ ಹೋಗುತ್ತಿತ್ತು.

ಕಾಯಿದೆ ಅಕ್ಕ ಅನ್ನುವ ಹೆಸರು ಬೀದಿಯಲ್ಲಿ ಈಗಲೂ ಇದೆ. ಕರೆಯುವ ದನಿ ಮಾತ್ರ ಆ ತಿಂಗಳಲ್ಲಿ ಬದಲಾಯಿತು. ಯಾರೂ ಸಭೆ ಸೇರಿ ಬದಲಾಯಿಸಿದ್ದಲ್ಲ.

ಮೂವತ್ತೊಂದನೇ ದಿನ ಬೆಳಿಗ್ಗೆ ಅಂಚೆಯವನು ದಪ್ಪ ಲಕೋಟೆ ತಂದ. ಸಹಿ ಮಾಡಿಸಿಕೊಳ್ಳಲು ಅವನೂ ನಿಂತ, ಹಾಲಿನವಳೂ ನಿಂತಳು, ಅತ್ತೆ ಕೋಲೂರಿಕೊಂಡು ಬಂದರು, ನಾನು ತಕ್ಕಡಿ ಬಿಟ್ಟು ಹೋದೆ. ಅವಳು ಚೌಕಟ್ಟು ಇಳಿಸಿ, ಹಿಂದಿನ ಮೊಳೆ ಬಿಡಿಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದಳು. ಅದೇ ನಂಬರು, ನಾನೂರ ಹದಿನೇಳು. ಗಾಜು ಒರೆಸಿದಳು. ಸ್ಟೂಲು ಹತ್ತಿದಳು. ನಾವೆಲ್ಲ ಗೋಡೆ ನೋಡಿಕೊಂಡು ನಿಂತೆವು.

ಅವಳು ಚೌಕಟ್ಟನ್ನು ಗೋಡೆಗೆ ಮುಖ ಮಾಡಿ ನೇತುಹಾಕಿದಳು.

“ಏನೇ ಇದು?” ಅಂದರು ಅತ್ತೆ.

“ಇವತ್ತು ಮಂಗಳವಾರ ಅಲ್ವಾ ಅತ್ತೆ,” ಅಂದಳು. “ಡಾಕ್ಟರು ಹೊಳೆಯಾಚೆ ಹೋಗಿದಾರೆ.”

ಸಂಜೆ ನಾಲ್ಕೂಕಾಲಿಗೆ ಡಾಕ್ಟರ ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿತು. ಬೆಂಚಿನ ಮೇಲೆ ಅಷ್ಟರಲ್ಲಿ ಎರಡು ಆಡು, ಒಂದು ಗಿಳಿ, ಕಿವಿ ಕೆರೆದುಕೊಳ್ಳುತ್ತಾ ನನ್ನ ಬೆಕ್ಕು. ಡಾಕ್ಟರು ಹೊಸಿಲು ದಾಟಿ ಒಳಗೆ ಕಾಲಿಟ್ಟ ಮೇಲೆ ಅವಳು ಸ್ಟೂಲು ಹತ್ತಿ ಚೌಕಟ್ಟು ತಿರುಗಿಸಿದಳು. ಇಳಿದು ಬಂದು ನನ್ನ ಬೆಕ್ಕನ್ನು ಎತ್ತಿಕೊಂಡಳು, ಕಿವಿಯೊಳಗೆ ನೋಡಿದಳು, ತೂಕದ ತಟ್ಟೆಯ ಮೇಲೆ ಕೂರಿಸಿದಳು. ಮುಳ್ಳು ನಿಲ್ಲುವವರೆಗೂ ಕಾದು ಬರೆದುಕೊಂಡಳು.

ಏನಾಗಿದೆ ಅಂತ ಕೇಳಿದೆ.

ಒಳಗೆ ಏನೋ ಇದೆ ಅಣ್ಣ, ಡಾಕ್ಟರು ನೋಡುತ್ತಾರೆ ಅಂದಳು.